ನಲವತ್ತೆರಡು ಚಾಕು

ಟೀ ವಿರಾಮ ಮುಗಿದು ಗಂಟೆ ಹೊಡೆದರೂ ಮೇಲ್ವಿಚಾರಕ ತನ್ನ ಜಾಗಕ್ಕೆ ಬರಲಿಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವನು ಒಂದು ನಿಮಿಷ ತಡವಾಗಿ ಬಂದದ್ದನ್ನು ಕಂಡವರಿಲ್ಲ. ಹುಡುಕಲು ಹೋದ ಲೋಡರ್‌ಗೆ ಅವನು ಗೋದಾಮಿನ ಹಿಂಬದಿಯಲ್ಲಿ, ಆಳೆತ್ತರದ ರಟ್ಟಿನ ಅಟ್ಟಿಗಳ ನಡುವೆ ಸಿಕ್ಕ. ಬೋರಲಾಗಿ ಬಿದ್ದಿದ್ದ. ಉಸಿರಿರಲಿಲ್ಲ.

ಎರಡು ಇರಿತ ಎಂದರು ಡಾಕ್ಟರು. ಒಂದು ಪಕ್ಕೆಲುಬಿನ ಕೆಳಗೆ, ಆಳಕ್ಕೆ. ಇನ್ನೊಂದು ಮೂಳೆಗೆ ಬಡಿದು ಅಲ್ಲೇ ನಿಂತಿತ್ತು. ಅಲಗು ಸಣ್ಣದು, ಮಡಚುವ ಚಾಕುವಿನದೇ ಇರಬೇಕು. ಹೆಣದಿಂದ ನಲ್ಲಿಯವರೆಗೆ ರಕ್ತದ ಹನಿಗಳಿದ್ದವು. ಅದು ಸತ್ತವನ ಗುಂಪಿನ ರಕ್ತವಲ್ಲ.

ಕೊಂದವನಿಗೂ ಗಾಯವಾಗಿದೆ. ಕೈಗೆ ಪಟ್ಟಿ, ಜೇಬಿನಲ್ಲಿ ಚಾಕು. ಅಂಥವನನ್ನು ಹಿಡಿದರೆ ಮುಗಿಯಿತು ಎಂದುಕೊಂಡು ಇನ್‌ಸ್ಪೆಕ್ಟರ್ ಗೋದಾಮಿನಿಂದ ಕೆಲಸದ ಹಾಲ್‌ಗೆ ಬಂದಳು. ಅಲ್ಲಿ ನಲವತ್ತೆರಡು ಜನ ಸಾಲಾಗಿ ನಿಂತಿದ್ದರು. ಹುರಿ, ಟೇಪು ಕೊಯ್ಯಲು ಎಲ್ಲರ ಜೇಬಿನಲ್ಲೂ ಒಂದೊಂದು ಮಡಚುವ ಚಾಕು. ಮೂವತ್ತೊಂದು ಜನರ ಕೈಗೆ ಪಟ್ಟಿ. ರಟ್ಟಿನ ಅಂಚು ಚಾಕುವಿಗಿಂತ ಕೆಟ್ಟದ್ದು ಮೇಡಂ ಎಂದು ಒಬ್ಬಳು ತನ್ನ ಹೆಬ್ಬೆರಳು ತೋರಿಸಿದಳು.

ಇನ್‌ಸ್ಪೆಕ್ಟರ್‌ಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಆದರೂ ಎಲ್ಲರ ಚಾಕುಗಳಿಗೂ ಚೀಟಿ ಕಟ್ಟಿಸಿದಳು. ಪಟ್ಟಿಗಳನ್ನು ಬಿಚ್ಚಿಸಿ, ಎಲ್ಲರ ಕೈಗಳನ್ನೂ ಮೇಲೆ ಕೆಳಗೆ ತಿರುಗಿಸಿ ಫೋಟೋ ತೆಗೆಸಿದಳು.

*

ಸಂಜೆಯೊಳಗೆ ಒಬ್ಬನ ಹೆಸರು ಎಲ್ಲರ ಬಾಯಲ್ಲೂ ಬಂತು. ಅವನೊಬ್ಬ ಪ್ಯಾಕರ್, ಮೂಗಿನ ತುದಿಯಲ್ಲೇ ಕೋಪ. ಸಿಡಿಮಿಡಿ ಎಂದೇ ಕರೆಯುತ್ತಿದ್ದರು. ರಜೆ ಕೊಡಲಿಲ್ಲವೆಂದು ಅಂದು ಬೆಳಗ್ಗೆ ಮೇಲ್ವಿಚಾರಕನಿಗೆ "ನಿನ್ನನ್ನ ಒಂದು ಕೈ ನೋಡ್ಕೋತೀನಿ" ಅಂದಿದ್ದ. ಅವನ ಎಡಗೈ ಹೆಬ್ಬೆರಳಿಗೆ ಪಟ್ಟಿ. ರಕ್ತದ ಗುಂಪೂ ಹೊಂದಿತು. ಇನ್ನೂ ಹದಿನಾಲ್ಕು ಜನರದ್ದು ಹೊಂದಿತ್ತು, ಆದರೆ ಅದನ್ನು ಕೇಳುವ ತಾಳ್ಮೆ ಮೇಲಿನ ಸಾಹೇಬರಿಗೆ ಇರಲಿಲ್ಲ. ಒಳಗೆ ಹಾಕಿ ಎಂದರು. ಹಾಕಿದಳು.

ಅಂದಿನಿಂದ ಅವನ ತಂಗಿ ಠಾಣೆಯ ಬೆಂಚಿನ ಮೇಲೆ ಬಂದು ಕೂರತೊಡಗಿದಳು. ಅಳಲಿಲ್ಲ, ಬೇಡಲಿಲ್ಲ. ಇನ್‌ಸ್ಪೆಕ್ಟರ್ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ನೋಡುತ್ತಿದ್ದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಲ್ಯಾಬಿನ ವರದಿ ಬಂತು. ನಲವತ್ತೆರಡು ಚಾಕುಗಳಲ್ಲಿ ಒಂದರ ಮೇಲೂ ಮೇಲ್ವಿಚಾರಕನ ರಕ್ತವಿಲ್ಲ. ಸಿಡಿಮಿಡಿಯ ಚಾಕುವಿನಲ್ಲಿ ಇದ್ದದ್ದು ಟೇಪಿನ ಗೋಂದು ಮಾತ್ರ. ತೊಳೆದಿರ್ತಾನೆ ಬಿಡಿ ಎಂದರು ಸಾಹೇಬರು. ತೊಳೆದವನು ಗೋಂದು ಉಳಿಸಿ ಬರೀ ರಕ್ತ ತೊಳೆದನೇ ಎಂದು ಕೇಳಬೇಕೆನಿಸಿತು. ಕೇಳಿದಳು ಕೂಡ. ಫೋನ್ ಕಟ್ಟಾಯಿತು.

ಎರಡು ದಿನ ಕೆಲಸಕ್ಕೆ ಬಾರದ ಲೋಡರ್‌ನ ಬೆನ್ನು ಹತ್ತಿದಳು. ಹೆಣ ಕಂಡ ಭಯಕ್ಕೆ ಅವನು ಅಕ್ಕನ ಮನೆಯಲ್ಲಿ ಜ್ವರ ಬಂದು ಮಲಗಿದ್ದ. ಏನನ್ನೋ ಮುಚ್ಚಿಡುತ್ತಿದ್ದ ಕಾವಲುಗಾರನನ್ನು ಅರ್ಧ ದಿನ ಕೂರಿಸಿ ಕೇಳಿದಳು. ಅವನು ಮುಚ್ಚಿಟ್ಟದ್ದು ತನ್ನ ಹಗಲು ನಿದ್ದೆಯನ್ನು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಅದೂ ತೂಕಡಿಸುವ ಇಲಿ.

*

ಒಂಬತ್ತನೆಯ ದಿನ ಮಧ್ಯಾಹ್ನ ಅವಳು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದಳು. ಸಾಣೆ ಹಿಡಿಯುವ ಅಂಗಡಿಯೊಂದು ಕಾಣಿಸಿತು. ಗಾಜಿನ ಪೆಟ್ಟಿಗೆಯಲ್ಲಿ ಮಡಚುವ ಚಾಕುಗಳು, ಹಿಂದೆ ಕನ್ನಡಕ ಹಾಕಿಕೊಂಡ ಒಬ್ಬ ಅಜ್ಜಿ. ದಿನವೂ ಜೇಬಲ್ಲಿಟ್ಟುಕೊಂಡು ತಿರುಗಿದರಾದರೂ ಈ ಹಾಳು ಚಾಕುವಿನ ಮರ್ಮ ತಿಳಿದೀತು ಎನಿಸಿ ಒಂದು ಕೊಡಿ ಎಂದಳು.

ಅಜ್ಜಿ ತಟಕ್ಕನೆ ಕೊಡುವವಳಲ್ಲ. ಏನು ಕೊಯ್ಯಲಿಕ್ಕೆ, ಬಲಗೈಯೋ ಎಡಗೈಯೋ, ಜೇಬು ಆಳವೋ ಎಂದೆಲ್ಲ ವಿಚಾರಿಸಿದಳು. ಅಲಗು ಮೂರು ಬೆರಳಿಗಿಂತ ಉದ್ದ ಬೇಡ, ಹಿಡಿ ಒದ್ದೆ ಕೈಯಲ್ಲಿ ಜಾರಬಾರದು ಎಂದಳು. ಆಮೇಲೆ ಎರಡು ಚಾಕು ಬಿಚ್ಚಿ ಮುಂದಿಟ್ಟಳು.

"ಇದಕ್ಕೆ ಲಾಕ್ ಇದೆ. ಗುಂಡಿ ಒತ್ತದೆ ಮಡಚಲ್ಲ. ಇನ್ನೊಂದಕ್ಕೆ ಬರೀ ಸ್ಪ್ರಿಂಗು. ಹಣ್ಣು, ಹುರಿ ಕೊಯ್ಯೋಕೆ ಸಾಕು. ಆದ್ರೆ ಗಟ್ಟಿ ವಸ್ತುಗೆ ಚುಚ್ಚಿದ್ಯೋ, ಮಡಚಿಕೊಂಡು ನಿನ್ನ ಬೆರಳಿಗೇ ಬೀಳುತ್ತೆ ಕಣಮ್ಮಾ."

"ಬೆರಳಿನ ಯಾವ ಕಡೆಗೆ?"

"ಹಿಡಿದು ನೋಡು. ಮೇಲ್ಗಡೆಗೆ. ತೋರುಬೆರಳಿನ ಬೆನ್ನಿಗೆ."

ಇನ್‌ಸ್ಪೆಕ್ಟರ್ ಹಿಡಿದು ನೋಡಿದಳು. ಮೂಳೆಗೆ ಬಡಿದು ನಿಂತ ಎರಡನೆಯ ಇರಿತ ನೆನಪಾಯಿತು. ರಟ್ಟು ಕೊಯ್ಯುವುದು ಅದನ್ನು ಹಿಡಿದ ಬೆರಳಿನ ತುದಿಯನ್ನು, ಬೆನ್ನನ್ನಲ್ಲ. ಒಂಬತ್ತು ದಿನ ಆ ಫೋಟೋಗಳು ತನ್ನ ಮೇಜಿನ ಮೇಲೇ ಬಿದ್ದಿದ್ದವಲ್ಲ ಎಂದು ತನ್ನ ಮೇಲೇ ರೇಗಿತು.

"ಅಜ್ಜಿ, ಕೈಗೆ ಗಾಯ ಮಾಡಿಕೊಂಡು ಯಾರಾದರೂ ಚಾಕು ಕೊಳ್ಳೋಕೆ ಬಂದಿದ್ರಾ?"

"ಬಂದಿದ್ದ. ಕೊಲೆ ಸುದ್ದಿ ಬಂತಲ್ಲ, ಅವತ್ತೇ. ಬಟ್ಟೆ ಸುತ್ಕೊಂಡಿದ್ದ, ರಕ್ತ ತೊಟ್ಟಿಕ್ತಿತ್ತು. ಹೊಲಿಗೆ ಹಾಕಿಸ್ಕೋ ಹೋಗು ಅಂದೆ. ಮೊದಲು ಮಡಚಿಕೊಳ್ಳದ ಚಾಕು ಕೊಡು ಅಂದ."

"ಕಾರ್ಖಾನೆಯವನು ಅಂತ ಗೊತ್ತಿತ್ತಾ? ನಮಗ್ಯಾಕೆ ಹೇಳಲಿಲ್ಲ?"

"ನೀವ್ಯಾರು ಬಂದು ಕೇಳಿದ್ರಿ?" ಎಂದಳು ಅಜ್ಜಿ.

*

ಎಂಬತ್ತನಾಲ್ಕು ಕೈಗಳ ಫೋಟೋಗಳಲ್ಲಿ ಬಲಗೈ ತೋರುಬೆರಳಿನ ಬೆನ್ನಿಗೆ ಹೊಲಿಗೆ ಬಿದ್ದದ್ದು ಒಂದಕ್ಕೇ. ಅದು ಯಂತ್ರಗಳನ್ನು ನೋಡಿಕೊಳ್ಳುವ ಫಿಟ್ಟರ್‌ನದು. ಬೆಲ್ಟ್ ಬಡಿಯಿತು, ಹೊಲಿಗೆ ಹಾಕಿಸಿಕೊಂಡು ಈಗಷ್ಟೇ ಬಂದೆ ಎಂದು ಅಂದು ಹೇಳಿಕೆ ಕೊಟ್ಟಿದ್ದ. ಚೀಟಿ ಕಟ್ಟಿದ ಅವನ ಚಾಕುವಿಗೆ ಲಾಕ್ ಇತ್ತು. ಅಲಗಿನಲ್ಲಿ ಗೋಂದಿಲ್ಲ, ಗ್ರೀಸಿಲ್ಲ, ಗೀರಿಲ್ಲ. ಅಜ್ಜಿ ಚಾಕುವನ್ನೂ ಗುರುತಿಸಿದಳು, ಮುಖವನ್ನೂ ಗುರುತಿಸಿದಳು.

ಎಲ್ಲರ ಜೇಬಿನಲ್ಲೂ ಚಾಕು ಇರುವ ಕಡೆ ಚಾಕು ಇಲ್ಲದವನೇ ಎದ್ದು ಕಾಣುತ್ತಾನೆ. ಅದಕ್ಕೇ ಅವನು ಹೊಸದನ್ನು ಕೊಂಡಿದ್ದ. ಹಾಗಾದರೆ ಹಳೆಯದು ಎಲ್ಲಿ? ಅವನೊಬ್ಬನೇ ಮುಚ್ಚಳ ತೆಗೆಯುವ ಜಾಗ ಯಾವುದೆಂದು ಇನ್‌ಸ್ಪೆಕ್ಟರ್ ಯೋಚಿಸಿದಳು. ರಟ್ಟು ಕತ್ತರಿಸುವ ಯಂತ್ರದ ಎಣ್ಣೆ ತೊಟ್ಟಿಯನ್ನು ಎಲ್ಲರೆದುರು ಖಾಲಿ ಮಾಡಿಸಿದಳು. ಕೊನೆಯ ಕಪ್ಪು ಎಣ್ಣೆಯ ಜೊತೆ ಸ್ಪ್ರಿಂಗಿನ ಚಾಕುವೊಂದು ಜಾರಿ ಬಂತು. ಮಡಚಿಯೇ ಇತ್ತು. ಅದು ನಂದೇ ಎಂದ ಫಿಟ್ಟರ್.

ಹೇಳಲು ಅವನಲ್ಲಿ ಹೆಚ್ಚೇನೂ ಇರಲಿಲ್ಲ. ಬೆರಳು ಒಳಹೋಗದಂತೆ ತಡೆಯುವ ಕಬ್ಬಿಣದ ಜಾಲರಿ ಆ ಯಂತ್ರಕ್ಕಿತ್ತು. ಕೆಲಸ ನಿಧಾನವಾಗುತ್ತದೆಂದು ಅದನ್ನು ಬಿಚ್ಚಿಟ್ಟವನು ಅವನೇ. ತಿಂಗಳ ಹಿಂದೆ ಒಬ್ಬ ಹೆಂಗಸಿನ ಎರಡು ಬೆರಳು ಹೋದವು. ತಪ್ಪು ಅವಳದೇ ಎಂದು ಮಾಲೀಕರು ಬರೆಸಿದರು. ಮೇಲ್ವಿಚಾರಕ ಮಾತ್ರ ನಿಜ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ, ಕೊಲೆಯಾದ ದಿನವೇ ಅದನ್ನು ಕಾರ್ಮಿಕ ಇಲಾಖೆಗೆ ಕೊಡುವವನಿದ್ದ. ಆ ಕಾಗದ ಕಿತ್ತುಕೊಳ್ಳಲು ಹೋಗಿ ಹೀಗಾಯಿತು ಎಂದ ಫಿಟ್ಟರ್. ಎರಡು ದಿನದಿಂದ ಏನೋ ಬರೀತಿದ್ರು ಎಂದು ಸತ್ತವನ ಹೆಂಡತಿ ಮೊದಲ ದಿನವೇ ಹೇಳಿದ್ದಳು. ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡು ಪುಟ ತಿರುವಿದ್ದಳು.

*

ಸಿಡಿಮಿಡಿ ಹೊರಬಂದಾಗ ಸಿಡುಕಲಿಲ್ಲ. ಅದೇ ಇನ್‌ಸ್ಪೆಕ್ಟರ್‌ಗೆ ಹೆಚ್ಚು ಚುಚ್ಚಿತು. ಅವನ ಜಾಗಕ್ಕೆ ಆಗಲೇ ಬೇರೆಯವನನ್ನು ತೆಗೆದುಕೊಂಡಿದ್ದರು. ಅವಳು ತಾನೇ ಅಣ್ಣ ತಂಗಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಕಾರ್ಖಾನೆಗೆ ಹೋಗಿ, ಮಾಲೀಕರ ಕೈಯಿಂದ ಕೆಲಸದ ಕಾಗದ ಬರೆಸಿದಳು.

ಹೊರಡುವಾಗ ಹಾಲ್ ಕಡೆ ಕಣ್ಣು ಹೋಯಿತು. ಕತ್ತರಿಸುವ ಯಂತ್ರ ಓಡುತ್ತಿತ್ತು. ಜಾಲರಿ ಇರಲಿಲ್ಲ. ಹೊಸಬಳೊಬ್ಬಳ ಕೈ ಅಲಗಿನಡಿ ಹೋಗಿ ಬರುತ್ತಿತ್ತು.

ಇನ್‌ಸ್ಪೆಕ್ಟರ್ ಹೋಗಿ ಕೆಂಪು ಗುಂಡಿ ಒತ್ತಿದಳು. ಯಂತ್ರ ನಿಂತಿತು. ಹೊಸ ಫಿಟ್ಟರ್ ಇನ್ನೂ ಸಿಕ್ಕಿಲ್ಲ, ಸರಕು ಇವತ್ತೇ ಹೋಗಬೇಕು ಎಂದು ಮಾಲೀಕರು ಓಡಿ ಬಂದರು. ಅವಳು ಒಂದು ಸ್ಟೂಲು ಎಳೆದುಕೊಂಡು ಯಂತ್ರದ ಎದುರಿಗೆ ಕೂತಳು.

"ಜಾಲರಿ ಹಾಕಿಸಿ. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ."

ಮಾಲೀಕರು ಕೈಗಡಿಯಾರ ನೋಡಿಕೊಂಡರು. ಅವಳು ನೋಡಿಕೊಳ್ಳಲಿಲ್ಲ.