ನಾಲ್ಕು ಬೆರಳು ಎತ್ತರ

ಲೋವೆಲ್ ಅಜ್ಜ ತಟ್ಟೆ ತೊಳೆದು ಹೆಟ್ಟಿಯ ಕೈಗೆ ಕೊಡುತ್ತಿದ್ದ. ಹೆಟ್ಟಿ ಅದನ್ನು ತನ್ನ ಅಜ್ಜ ವಿಲ್ಮರನ ಕೈಗೆ ಕೊಡುತ್ತಿದ್ದಳು. ಅಜ್ಜ ಒರೆಸಿ ಜೋಡಿಸುತ್ತಿದ್ದ. ತಿಂಡಿಯ ತಟ್ಟೆ ಎಂಬತ್ತು ಮುಗಿದರೂ ಯಾರೂ ಒಂದು ಮಾತು ಆಡಿರಲಿಲ್ಲ.

ಲೋವೆಲ್ ಅಜ್ಜ ಅಜ್ಜನ ಸ್ವಂತ ತಮ್ಮ.

“ಅವನಿಗೆ ಹೇಳು, ತಟ್ಟೇಲಿ ಇನ್ನೂ ಸೋಪಿದೆ,” ಅಂದ ಅಜ್ಜ ಕೊನೆಗೆ.

“ಲೋವೆಲ್ ಅಜ್ಜ, ಸೋಪಿದೆಯಂತೆ.”

“ಸೋಪಲ್ಲ ಅದು. ಅವನ ಕೈಯಲ್ಲಿರೋ ಬಟ್ಟೇನೇ ಕೊಳೆ ಅಂತ ಹೇಳು.”

“ನಾನೇನು ಫೋನಾ?” ಅಂದಳು ಹೆಟ್ಟಿ.

ಇಬ್ಬರೂ ನಗಲಿಲ್ಲ. ಮೇಜು ಒರೆಸುತ್ತಿದ್ದ ಎಲ್ವಾ ಆಂಟಿ ಮಾತ್ರ ನಕ್ಕರು. “ಕೆಲಸದ ಲಿಸ್ಟಲ್ಲಿ ಇಬ್ಬರನ್ನೂ ಒಂದೇ ಸಿಂಕಿಗೆ ಹಾಕಿದ್ದು ನಾನೇ ಕಣೇ. ಬಿಸಿನೀರಿಗಾದ್ರೂ ಕರಗ್ತಾರೇನೋ ಅಂತ.”

“ನೀರೇ ತಣ್ಣಗಾಯ್ತು ಆಂಟಿ.”

ಪ್ರತಿ ಬೇಸಿಗೆಯಲ್ಲೂ ಸುತ್ತಲಿನ ಊರುಗಳ ಕ್ವೇಕರ್ ಕುಟುಂಬಗಳೆಲ್ಲ, ಅಂದರೆ ಮೌನವಾಗಿ ಕೂತು ಪ್ರಾರ್ಥಿಸುವ ಕ್ರೈಸ್ತ ಪಂಥದವರೆಲ್ಲ, ಈ ಶಾಲೆಯಲ್ಲಿ ಐದು ದಿನ ಸೇರುತ್ತಿದ್ದವು. ಎರಡು ವರ್ಷದ ಹಿಂದೆ ದೊಡ್ಡಜ್ಜಿ ಏಡಾ ಇದೇ ಅಡುಗೆಮನೆಯಲ್ಲಿ ಕೂತು ಬೀನ್ಸ್ ಬಿಡಿಸಿದ್ದಳು. ಅವಳು ಈ ಅಣ್ಣತಮ್ಮಂದಿರ ತಾಯಿ. ಸಭೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರಬೇಕಾದಾಗ, ಯಾರಿಗೂ ಕಾಣದಂತೆ ಹೆಟ್ಟಿಯ ಅಂಗೈಗೆ ಪೆಪ್ಪರ್‌ಮೆಂಟ್ ಒತ್ತುತ್ತಿದ್ದಳು.

ಆ ಚಳಿಗಾಲದಲ್ಲಿ ಅವಳು ಸತ್ತಾಗ ಲೋವೆಲ್ ಅಜ್ಜ ಗೋರಿಗೆ ಕಲ್ಲು ಕೆತ್ತಿಸಿದ. ಊರಿನ ಕ್ವೇಕರ್ ಸ್ಮಶಾನದಲ್ಲಿ ಎಲ್ಲ ಕಲ್ಲುಗಳೂ ಒಂದೇ ಎತ್ತರ. ಯಾರೂ ಯಾರಿಗಿಂತಲೂ ದೊಡ್ಡವರಲ್ಲ. ಈ ಕಲ್ಲು ಮಾತ್ರ ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರವಿತ್ತು.

“ನೋಡಿದ್ರೆ ಅಮ್ಮ ನಾಚಿಕೆಯಿಂದ ತಲೆ ತಗ್ಗಿಸ್ತಿದ್ಲು,” ಅಂದಿದ್ದ ಅಜ್ಜ.

“ಅಮ್ಮನಿಗೆ ನಾಲ್ಕು ಬೆರಳು ಕೊಡೋಕೂ ನಿನಗೆ ಕೈ ಬರಲ್ವಾ?” ಅಂದಿದ್ದ ಲೋವೆಲ್ ಅಜ್ಜ.

ಅಜ್ಜ ಕಲ್ಲು ಕೀಳಿಸಿದ. ಒಂದೂವರೆ ವರ್ಷದಿಂದ ಅದು ಲೋವೆಲ್ ಅಜ್ಜನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಮುಖ ಕೆಳಗಾಗಿ ಬಿದ್ದಿದೆ. ಗೋರಿಯ ಮೇಲೆ ಬರೀ ಹುಲ್ಲು. ಹೋದ ತಿಂಗಳು ಹೂವು ಇಡಲು ಹೋದ ಹೆಟ್ಟಿಗೆ ದೊಡ್ಡಜ್ಜಿ ಎಲ್ಲಿದ್ದಾಳೆಂದೇ ತಿಳಿಯಲಿಲ್ಲ. ಬೇಲಿಯಿಂದ ಹೆಜ್ಜೆ ಎಣಿಸಿದಳು. ಒಂಬತ್ತೋ ಹತ್ತೋ ಮರೆತುಹೋಗಿತ್ತು. ಹೂವನ್ನು ಎರಡರ ನಡುವೆ ಇಟ್ಟು ಬಂದಳು.

ತಟ್ಟೆ ಮುಗಿದ ಮೇಲೆ ಅಜ್ಜ ಜೇಬಿನಿಂದ ಒಂದು ಕಾಗದ ತೆಗೆದ. “ಈಗಿನ ಸಭೇಲಿ ನಮ್ಮೂರಿನ ಉತ್ತರ ನೀನೇ ಓದ್ಬೇಕು. ಜೋರಾಗಿ ಓದು. ಹಿಂದಿನ ಬೆಂಚಿನವರಿಗೆ ಕಿವಿ ಮಂದ.”

ವರ್ಷಕ್ಕೊಮ್ಮೆ ಎಲ್ಲ ಊರುಗಳಿಗೂ ಅವೇ ಪ್ರಶ್ನೆಗಳು: ನಿಮ್ಮಲ್ಲಿ ಪ್ರೀತಿ ಇದೆಯೇ, ಮನಸ್ತಾಪ ಬಂದರೆ ಏನು ಮಾಡುತ್ತೀರಿ? ಊರಿನವರು ಒಟ್ಟಿಗೆ ಕೂತು ಬರೆದ ಉತ್ತರವನ್ನು ಇಲ್ಲಿ ಓದಬೇಕು. ಹೆಟ್ಟಿ ಮನಸ್ಸಿನಲ್ಲೇ ಓದಿಕೊಂಡಳು. ‘ನಮ್ಮಲ್ಲಿ ಪ್ರೀತಿ ಇದೆ. ಮನಸ್ತಾಪ ಬಂದರೆ ಕೂಡಲೇ ಮಾತಾಡಿ ಸರಿಮಾಡಿಕೊಳ್ಳುತ್ತೇವೆ.’

“ಅಜ್ಜ, ಇದು ಸುಳ್ಳಲ್ವಾ?”

ಅಜ್ಜ ಒರೆಸುವ ಬಟ್ಟೆ ಹಿಂಡಿದ. “ಪ್ರತಿ ವರ್ಷ ಹೀಗೇ ಬರೆಯೋದು.”

“ನಾವು ಯಾವಾಗ್ಲೂ ನಿಜಾನೇ ಹೇಳ್ತೀವಿ, ಅದಕ್ಕೇ ಕೋರ್ಟಲ್ಲೂ ಆಣೆ ಮಾಡಲ್ಲ ಅಂತ ನೀನೇ ಹೇಳಿದ್ದೆ.”

“ಎಲ್ಲರೂ ಒಪ್ಪಿದಾರೆ, ಹೆಟ್ಟಿ.”

“ಲೋವೆಲ್ ಅಜ್ಜನೂ?”

“ಅವನೂ.”

ಲೋವೆಲ್ ಅಜ್ಜ ಸಿಂಕಿನ ಬಿರಡೆ ಎಳೆದ. ನೀರು ಗೊಳಗೊಳ ಇಳಿಯಿತು. ಅವನು ಇಲ್ಲ ಅನ್ನಲಿಲ್ಲ. ಒಂದೂವರೆ ವರ್ಷದಲ್ಲಿ ಅಣ್ಣತಮ್ಮ ಒಪ್ಪಿದ್ದು ಇದೊಂದನ್ನೇ.

ಸಭೆಯ ಕೋಣೆಯಲ್ಲಿ ಇನ್ನೂರು ಜನರಿದ್ದರು. ಎಲ್ವಾ ಆಂಟಿ ಏಪ್ರನ್ ಬಿಚ್ಚಿಟ್ಟು ಮುಂದಿನ ಮೇಜಿನಲ್ಲಿ ಕೂತಿದ್ದರು. ಸಭೆ ನಡೆಸುವವರು ಅವರೇ. ಅಜ್ಜ ಮತ್ತು ಲೋವೆಲ್ ಅಜ್ಜ ಒಂದೇ ಬೆಂಚಿನ ಎರಡು ತುದಿಯಲ್ಲಿದ್ದರು.

“ನಿಮ್ಮೂರಿನ ಉತ್ತರ, ಹೆಟ್ಟಿ,” ಅಂದರು ಎಲ್ವಾ ಆಂಟಿ.

ಹೆಟ್ಟಿ ಎದ್ದಳು. “ನಮ್ಮಲ್ಲಿ ಪ್ರೀತಿ ಇದೆ,” ಎಂದು ಜೋರಾಗಿ ಓದಿದಳು. ಆಮೇಲೆ ನಿಲ್ಲಿಸಿದಳು.

“ಎರಡನೇ ಸಾಲು ನಾನು ಓದಲ್ಲ. ಅದು ನಿಜ ಅಲ್ಲ.”

ಯಾರೂ ಗದರಲಿಲ್ಲ. ಇಲ್ಲಿ ಒಬ್ಬರು ಮಾತಾಡಿದ ಮೇಲೆ ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆ ಮಾತು ಒಳಗೆ ಇಳಿಯಲಿ ಅಂತ. ಹೆಟ್ಟಿಗೆ ಅದು ಗೊತ್ತಿತ್ತು. ಕಾದಳು.

ಎಲ್ವಾ ಆಂಟಿ ಮುಂದಿನ ಊರಿನ ಕಾಗದವನ್ನು ನೇರ ಮಾಡಿಟ್ಟರು. ಅಜ್ಜ ತನ್ನ ಉಗುರು ನೋಡಿಕೊಂಡ. ಲೋವೆಲ್ ಅಜ್ಜ ಪ್ರಾರ್ಥನೆ ಮಾಡುವವನಂತೆ ಕಣ್ಣು ಮುಚ್ಚಿದ. ಹಿಂದೆ ಯಾರೋ ಕೆಮ್ಮಿದರು.

ಈ ಮೌನವನ್ನು ಹೆಟ್ಟಿ ಬೆಳಿಗ್ಗೆಯೇ ನೋಡಿದ್ದಳು. ಸಿಂಕಿನ ಹತ್ತಿರ ಇದ್ದದ್ದು ಇದೇ. ಅಲ್ಲಿ ಇಬ್ಬರಿದ್ದರು, ಇಲ್ಲಿ ಇನ್ನೂರು ಜನ.

ಅವಳು ಕಾಗದ ಮಡಚಿದಳು. ಬೆಂಚಿನ ಈ ತುದಿ ನೋಡಿದಳು, ಆ ತುದಿ ನೋಡಿದಳು. ಈಗ ನಡುವೆ ದಾಟಿಸಲು ತಟ್ಟೆ ಇರಲಿಲ್ಲ.

“ಆ ಕಲ್ಲು ತುಂಬಾ ಭಾರ. ಒಬ್ಬರ ಕೈಲಿ ಎತ್ತೋಕಾಗಲ್ಲ,” ಅಂದಳು. “ನೀವಿಬ್ಬರೂ ಹಿಡ್ಕೊಂಡು ದೊಡ್ಡಜ್ಜಿ ಹತ್ರ ಇಡ್ತೀರಾ?”

ಹೆಟ್ಟಿ ನಿಂತೇ ಇದ್ದಳು.