ಬಲಕ್ಕೆ ಒಂದು ಸುತ್ತು

ಹಿತ್ತಲಿನ ಹೊಸ ಗ್ಯಾಸ್ ಅಗ್ಗಿಷ್ಟಿಕೆಗೆ ಮನೆಯೊಡತಿ ಲೈಟರ್ ಒಡ್ಡಿದ್ದೇ ತಡ, ಬೆಂಕಿ ನೆಲ ಹಿಡಿದು ಓಡಿ ಸಿಲಿಂಡರ್ ಪೆಟ್ಟಿಗೆಯನ್ನು ಹೊಕ್ಕಿತು! ಆಕೆಯ ಜೀವ ಉಳಿಯಿತು, ಬಲಗೈ ಬೆಂದಿತು.

ಅದನ್ನು ಕೂಡಿಸಿದ್ದ ಫಿಟ್ಟರನಿಗೆ ಮರುದಿನ ಕರೆ ಬಂತು. ಬಂದು ನೋಡಿದರೆ ಗೋಡೆಯೆಲ್ಲ ಮಸಿ. ಅವನಿಗೆ ಒಂದೇ ಕೊರೆತ — ರೆಗ್ಯುಲೇಟರಿನ ನಟ್ಟು ಬಿಗಿ ಮಾಡಿದೆನೆ? ಮಾಡಿದೆ. ಮಾಡಿದೆನೆ? ದೇವರೇ, ತಪ್ಪು ನನ್ನದಾದರೆ ಮುಚ್ಚಿಡಬೇಡ, ಅಲ್ಲವಾದರೆ ಕೈಬಿಡಬೇಡ.

“ಇವನ ಲೈಸೆನ್ಸ್ ಕಿತ್ಕೊಳ್ಳಿ ಮೇಡಂ!” ಮನೆಯ ಯಜಮಾನರು ಸಿಡಿದರು. “ಕಾಟಾಚಾರಕ್ಕೆ ಕೆಲಸ ಮಾಡಿ ಹೋಗಿದ್ದಾನೆ.”

ಅಗ್ನಿಶಾಮಕ ದಳದ ಅಧಿಕಾರಿಣಿ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದರು.

“ಸೋರಿಕೆ ಇದ್ಯಾ ಅಂತ ಸೋಪಿನ ನೊರೆ ಹಚ್ಚಿ ನೋಡಿದ್ರಾ?” ಅವರು ಫಿಟ್ಟರನನ್ನು ಕೇಳಿದರು.

“ನೋಡ್ದೆ ಮೇಡಂ. ಒಂದು ಗುಳ್ಳೆನೂ ಏಳ್ಲಿಲ್ಲ.”

“ಆಮೇಲೆ?”

“ಬಿಗಿ ಮಾಡಿದ ನಟ್ಟಿಂದ ಪಕ್ಕದ ವಾಲ್ವಿನವರೆಗೂ ಹಳದಿ ಬಣ್ಣದಲ್ಲಿ ಒಂದೇ ಗೆರೆ ಎಳೆದಿರ್ತೀನಿ, ನಟ್ಟು ತಿರುಗಿದ್ರೆ ಗೊತ್ತಾಗ್ಲಿ ಅಂತ...”

“ಎಳೆದಿರ್ತೀರೋ, ಎಳೆದ್ರೋ?”

“ನೆನಪಾಗ್ತಿಲ್ಲ ಮೇಡಂ,” ಎಂದ ಫಿಟ್ಟರ್.

“ಕೇಳಿದ್ರಾ? ಅವನಿಗೇ ಗೊತ್ತಿಲ್ಲ!”

“ಅವರು ಹೋದ್ಮೇಲೆ ಯಾರಾದ್ರೂ ಇದನ್ನ ಮುಟ್ಟಿದ್ರಾ?” ಅಧಿಕಾರಿಣಿ ಯಜಮಾನರನ್ನು ಕೇಳಿದರು.

“ಯಾರೂ ಇಲ್ಲ.”

ಅಧಿಕಾರಿಣಿ ಬಟ್ಟೆಯಿಂದ ನಟ್ಟಿನ ಮಸಿ ಒರೆಸಿದರು. ಕ್ಷಣಹೊತ್ತು ನೋಡಿ, ನಟ್ಟು ತಿರುಗಿಸುವ ಪಾನಾ ಎತ್ತಿ ಯಜಮಾನರಿಗೇ ಕೊಟ್ಟರು.

“ಸಿಲಿಂಡರ್ ಖಾಲಿ ಮಾಡ್ಸಿದೀನಿ, ಭಯ ಬೇಡ. ಇದನ್ನ ಸ್ವಲ್ಪ ಬಿಗಿ ಮಾಡಿಕೊಡ್ತೀರಾ ಸಾರ್?”

“ಅದೇನ್ ಮಹಾ!” ಅವರು ಬಲಕ್ಕೆ ತಿರುಗಿಸಿದರು. ಇನ್ನೊಮ್ಮೆ. ಮತ್ತೊಮ್ಮೆ.

ನಟ್ಟು ಕಳಚಿ ಕೈಗೇ ಬಂತು.

“ಈ ನಟ್ಟು ಬೇರೆಯವುಗಳ ಹಾಗಲ್ಲ,” ಎಂದರು ಅಧಿಕಾರಿಣಿ. “ಎಡಕ್ಕೆ ಬಿಗಿ, ಬಲಕ್ಕೆ ಸಡಿಲ. ಎಲ್ಲರೂ ಮಸಿ ನೋಡಿದ್ರಿ, ಮಸಿಯ ಕೆಳಗಿನ ಗೆರೆ ನೋಡ್ಲಿಲ್ಲ. ನಟ್ಟಿನ ಮೇಲಿನ ಅರ್ಧ ಗೆರೆ ಬಲಕ್ಕೆ ಸರಿದಿತ್ತು. ಫಿಟ್ಟರ್ ಹಾಗೆ ತಿರುಗಿಸೋದಿಲ್ಲ. ಈಗ ಮಾಡಿದ ಹಾಗೇ, ಬಿಗಿ ಮಾಡ್ತಿದೀನಿ ಅಂದ್ಕೊಂಡು ಸಡಿಲ ಮಾಡಿದ್ದು ನೀವೇ ಸಾರ್. ಗಾಳಿಗಿಂತ ಭಾರದ ಗ್ಯಾಸು. ಸೋರಿ ನೆಲದಲ್ಲೇ ಮಡುಗಟ್ಟಿತು.”

ಯಜಮಾನರ ಮುಖ ಬಿಳಿಚಿತು. “ಸುಲಭವಾಗಿ ತಿರುಗ್ತು... ಇವನೇ ಅರೆಬರೆ ಮಾಡಿದ್ದಾನೆ ಅಂದ್ಕೊಂಡೆ. ಇನ್ನಷ್ಟು ಭದ್ರ ಇರ್ಲಿ ಅಂತ...”

ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು, ಕೈಗೆ ಬ್ಯಾಂಡೇಜು. “ನಾನು ಮುಚ್ಚಿಟ್ಟ ಉಪ್ಪಿನ ಡಬ್ಬಿನೂ ಇನ್ನೊಂದು ಸುತ್ತು ತಿರುಗಿಸದೆ ಬಿಡೋರಲ್ಲ ಇವರು,” ಎಂದರು. ನಗಲು ಹೋದರು, ಆಗಲಿಲ್ಲ.

“ಕೊಡಿ ಸಾರ್,” ಫಿಟ್ಟರ್ ನಟ್ಟನ್ನು ಅವರ ಕೈಯಿಂದ ಮೆಲ್ಲನೆ ಬಿಡಿಸಿಕೊಂಡ. ಅದರ ಮೇಲೆ ಹಳದಿ ಗೆರೆ. ತಾನೇ ಎಳೆದದ್ದು.