ಬಿಚ್ಚಿಟ್ಟ ಹಗ್ಗಗಳು

ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ಹಲ್ಲಿನ ಡಾಕ್ಟರು ಕೂರಲು ಒಪ್ಪಲಿಲ್ಲ. ಬೆಂಚು ಕೊಳಕಾಗಿದೆ ಎಂದರು. ಅದು ನಿಜವೇ ಆಗಿದ್ದರಿಂದ ದಫೇದಾರರಿಗೆ ಇನ್ನಷ್ಟು ಸಿಟ್ಟು ಬಂತು.

"ನನ್ನ ಹಡಗು ಒಡೆದು ಹಾಕಿದಾನೆ. ಪಕ್ಕದ ಗ್ಯಾರೇಜಿನವನು. ಬರ್ಕೊಳ್ಳಿ."

"ಹಡಗಾ? ಯಾವ ಬಂದರಲ್ಲಿ ಸ್ವಾಮಿ?"

"ಮನೇಲಿ. ಮಹಡಿ ಮೇಲೆ."

ಮೂಲೆಯಲ್ಲಿದ್ದ ಪೇದೆಯೊಬ್ಬ ಬಾಯಿಬಿಟ್ಟು ನಕ್ಕ. ಡಾಕ್ಟರು ಆ ಬಾಯೊಳಗೆ ಇಣುಕಿ, "ನಿನ್ನ ದವಡೆ ಹಲ್ಲು ಹುಳುಕಾಗಿದೆ, ಮೊದಲು ಅದನ್ನ ನೋಡ್ಕೋ," ಎಂದರು. ಆ ಕ್ಷಣದಿಂದ ಠಾಣೆಯಲ್ಲಿ ಅವರ ಪರ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಇನ್ಸ್‌ಪೆಕ್ಟರಂತೂ ಮೊದಲೇ ಅವರ ಪರ ಇರಲಿಲ್ಲ. ಹಿಂದೊಮ್ಮೆ ಇದೇ ಡಾಕ್ಟರು ಅವರ ಹಲ್ಲು ಕಿತ್ತು, ನೋವಾಯಿತು ಎಂದದ್ದಕ್ಕೆ ಬೈದು ಕಳಿಸಿದ್ದರು.

ಆದರೂ ದೂರು ದೂರೇ. ಹಳೆಯ ಕಾಲದ ಹಾಯಿ ಕಟ್ಟುವ ಮೂರು ಕೂವೆಮರಗಳ ಯುದ್ಧನೌಕೆ, ಅದರ ಮರದ ಪ್ರತಿಕೃತಿ, ಒಂದು ಮಂಚದಷ್ಟು ಉದ್ದ. ಕ್ಲಿನಿಕ್ ಶಾಶ್ವತವಾಗಿ ಮುಚ್ಚಿದ ಮೇಲೆ ವರ್ಷಗಟ್ಟಲೆ ಕೂತು ಕಟ್ಟಿದ್ದು. ಹಲಗೆ ಹಲಗೆಯಾಗಿ ಬಾಗಿಸಿ ಕೂಡಿಸಿದ ಒಡಲು, ಎರಡು ಸಾಲು ಫಿರಂಗಿ, ಕೂವೆಗಳಿಂದ ಇಳಿಬಿದ್ದ ನೂರಾರು ದಾರದ ಹಗ್ಗ. ಇವತ್ತು ಹನ್ನೊಂದಕ್ಕೆ ವಸ್ತುಸಂಗ್ರಹಾಲಯದ ವ್ಯಾನು ಬಂದು ಒಯ್ಯಬೇಕಿತ್ತು. ಡಾಕ್ಟರು ಬೆಳಗಿನ ವಾಕಿಂಗ್ ಮುಗಿಸಿ ಏಳೂವರೆಗೆ ಮನೆಗೆ ಬಂದಾಗ ಹಡಗು ಚೂರಾಗಿತ್ತು.

"ಒಬ್ಬರೇ ಕಟ್ಟಿದ್ರಾ?"

"ಒಬ್ಬನೇ. ಇನ್ಯಾರಿಗೆ ಬರುತ್ತೆ?"

"ಮನೇಲಿ ಯಾರ್ಯಾರಿದ್ರು?"

"ತಂಗಿ. ಅವಳಿಗೇನೂ ಗೊತ್ತಿಲ್ಲ. ಅವಳ ತಲೆ ತಿನ್ನಬೇಡಿ."

FIR ದಾಖಲಾಯಿತು. ಹತ್ತೂವರೆಗೆ ಇನ್ಸ್‌ಪೆಕ್ಟರ್, ದಫೇದಾರರು ಮತ್ತು ಮಹಿಳಾ ಪೇದೆ ಡಾಕ್ಟರ ಮನೆಗೆ ಹೋದರು. ಪಂಚನಾಮೆಗೆ ಸಾಕ್ಷಿಗಳಾಗಿ ಎದುರು ಅಂಗಡಿಯ ಟೈಲರ್ ಮತ್ತು ಔಷಧಿ ಅಂಗಡಿಯವನು ಬಂದರು. ಬರಲು ಇಬ್ಬರೂ ತುದಿಗಾಲಲ್ಲಿ ನಿಂತಿದ್ದರು. ಆ ಮನೆಯಲ್ಲಿ ಏನಾದರೂ ಒಡೆದಿದೆ ಎಂದರೆ ಬೀದಿಗೆಲ್ಲ ನೋಡುವ ಆಸೆ.

ಮಹಡಿಯ ಕೋಣೆಯ ಒಂದು ಗೋಡೆಯ ತುಂಬ ಉಪಕರಣಗಳು ನೇತಾಡುತ್ತಿದ್ದವು. ಹಲ್ಲು ಕೊರೆಯುವ ಯಂತ್ರ, ಚಿಮುಟ, ಅರ, ಸುತ್ತಿಗೆ. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು, ತೆಗೆದದ್ದು ಅಲ್ಲಿಗೇ ವಾಪಸ್ ಹೋಗಲಿ ಅಂತ. ಮೇಜಿನ ಮೇಲೆ ಹಡಗಿನ ಒಡಲು ಮುರಿದುಬಿದ್ದಿತ್ತು. ಕೂವೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಹಲಗೆಯ ಚೂರು ಕಾಲಿಗೆ ಚುಚ್ಚುತ್ತಿತ್ತು.

ಪಂಚನಾಮೆ ಬರೆಯುತ್ತಿದ್ದ ದಫೇದಾರರು ಅರ್ಧಕ್ಕೆ ನಿಂತರು.

"ಸಾರ್, ಹಡಗನ್ನ ಮುಚ್ಚಿಡೋ ಗಾಜಿನ ಪೆಟ್ಟಿಗೆಗೆ ಏನೂ ಆಗಿಲ್ಲ. ಎತ್ತಿ ಗೋಡೆಗೆ ಒರಗಿಸಿದಾರೆ."

ಮಹಿಳಾ ಪೇದೆ ಮರದ ತಲೆಯ ಸುತ್ತಿಗೆ, ಕೊಡತಿಯೊಂದನ್ನು ತೋರಿಸಿದಳು. ಅದರ ಮೂತಿಗೆ ಹಡಗಿನ ಹಳದಿ ಬಣ್ಣ ಮೆತ್ತಿತ್ತು. ಕೊಡತಿ ಮಾತ್ರ ಗೋಡೆಯ ಮೇಲೆ, ತನ್ನ ಕಪ್ಪು ಆಕಾರದೊಳಗೆ ಸರಿಯಾಗಿ ಕೂತಿತ್ತು.

"ಇದನ್ನೂ ನೋಡಿ ಸಾರ್."

ಕಿಟಕಿಯ ಬಳಿ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಹಡಗಿನ ಹಗ್ಗಗಳು. ಒಂದೂ ಕತ್ತರಿಸಿದ್ದಲ್ಲ. ಗಂಟು ಬಿಚ್ಚಿ ತೆಗೆದು, ಒಂದೊಂದನ್ನೂ ಪುಟ್ಟ ಸುರುಳಿ ಸುತ್ತಿ, ಸುರುಳಿಯ ನಡುವಿಗೆ ಕಟ್ಟು ಹಾಕಿ, ದಪ್ಪದ್ದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿತ್ತು.

ಗ್ಯಾರೇಜಿನವನನ್ನು ಕರೆಸಿದರು. ಅವನಿಗೂ ಡಾಕ್ಟರಿಗೂ ಎಣ್ಣೆ ಸೀಗೆಕಾಯಿ. ನಡುವಿನ ಗೋಡೆಯ ವಿಚಾರ ಕೋರ್ಟಿನಲ್ಲಿತ್ತು.

"ಬೆಳಿಗ್ಗೆ ಎಲ್ಲಿದ್ದೆ?"

"ಬಸ್ಸಿನ ಅಡಿ ಮಲಗಿದ್ದೆ. ಡ್ರೈವರ್ ಪಕ್ಕದಲ್ಲೇ ಕೂತು ನನ್ನ ಬೈತಿದ್ದ. ಕೇಳಿ."

"ಹಡಗು ಒಡೆದದ್ದು ನೀನಲ್ವಾ?"

"ನಾನು ಹೋಗಿದ್ರೆ ಹಡಗು ಯಾಕೆ ಒಡೀಲಿ ಸಾರ್? ಆ ಮನುಷ್ಯನ ಹಲ್ಲು ಉದುರಿಸಿ ಬರ್ತಿದ್ದೆ."

ಅವನ ಎರಡೂ ಕೈ ಮೊಣಕೈವರೆಗೆ ಗ್ರೀಸಾಗಿದ್ದವು. ತಟ್ಟೆಯಲ್ಲಿದ್ದ ದಾರಗಳು ಮಲ್ಲಿಗೆಯಷ್ಟು ಬೆಳ್ಳಗಿದ್ದವು. ಡ್ರೈವರನೂ ಅವನ ಮಾತಿಗೆ ಹೂಂಗುಟ್ಟಿದ. ಇನ್ಸ್‌ಪೆಕ್ಟರ್ ಅವನನ್ನು ಬೈದು ಕಳಿಸಿದರು. ಬೈಯಲು ಕಾರಣ ಇರಲಿಲ್ಲ, ಆದರೆ ಅವತ್ತು ಎಲ್ಲರ ಬಾಯಿಯೂ ಹಾಗೇ ಇತ್ತು.

ಹನ್ನೊಂದು ದಾಟಿದರೂ ವ್ಯಾನು ಬರಲಿಲ್ಲ. ಮಹಿಳಾ ಪೇದೆ ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿದಳು. ಅತ್ತಲಿನ ಅಧಿಕಾರಿಗೂ ರೇಗಿತ್ತು. "ನಿನ್ನೆ ಸಂಜೆ ಅವರೇ ಬರಬೇಡಿ ಅಂದ್ರಲ್ಲ. ಹಗ್ಗ ಸರಿಯಿಲ್ಲವಂತೆ, ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕಂತೆ. ಪ್ರತಿಸಲಾನೂ ಇದೇ ರಾಗ."

ಇನ್ಸ್‌ಪೆಕ್ಟರ್ ಡಾಕ್ಟರ ಕಡೆ ತಿರುಗಿದರು.

"ವ್ಯಾನು ಬರುತ್ತೆ ಅಂತ ದೂರಲ್ಲಿ ಬರೆಸಿದ್ರಿ. ಬರಬೇಡಿ ಅಂದಿದ್ದು ನೀವೇ."

"ಅದು ನನ್ನ ಹಡಗಿನ ವಿಚಾರ. ನೀವು ಒಡೆದವನನ್ನ ಹಿಡೀರಿ."

ಮುರಿದ ಕೂವೆಯೊಂದರ ತುದಿಯಲ್ಲಿ ಒಂದೇ ಒಂದು ಹಗ್ಗ ಗಂಟಿನ ಸಮೇತ ಉಳಿದಿತ್ತು. ಇನ್ಸ್‌ಪೆಕ್ಟರ್ ಅದನ್ನು ಡಾಕ್ಟರ ಮುಂದೆ ಹಿಡಿದರು.

"ಇದನ್ನ ಬಿಚ್ಚಿ."

ಡಾಕ್ಟರು ಚಿಮುಟ ತೆಗೆದುಕೊಂಡರು. ಚಿಮುಟ ಗಂಟಿನ ಅತ್ತ ಹೋಯಿತು, ಇತ್ತ ಹೋಯಿತು, ಗಂಟನ್ನು ಮಾತ್ರ ಮುಟ್ಟಲಿಲ್ಲ. ಬೆರಳು ಗಡಗಡ ನಡುಗುತ್ತಿತ್ತು. ಕ್ಲಿನಿಕ್ ಯಾಕೆ ಮುಚ್ಚಿತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಟೈಲರ್ ನೆಲ ನೋಡಿದ. ಇಷ್ಟು ಹೊತ್ತು ಖುಷಿಯಾಗಿದ್ದವನಿಗೆ ಈಗ ನಾಚಿಕೆಯಾಯಿತು.

"ಹಲಗೆ ಒತ್ತಿ ಹಿಡಿದು ಅಂಟಿಸಬಹುದು ಡಾಕ್ಟ್ರೇ. ಈ ಗಂಟು ಯಾರು ಹಾಕಿದ್ದು?" ಎಂದರು ಇನ್ಸ್‌ಪೆಕ್ಟರ್.

ಬಾಗಿಲಲ್ಲಿ ತಂಗಿ ನಿಂತಿದ್ದರು. ನರೆತ ಕೂದಲು, ಇಸ್ತ್ರಿ ಹಾಕಿದ ಸೀರೆ, ಕಾಲಿಗೆ ಹೊರಗೆ ಹೋಗುವ ಚಪ್ಪಲಿ.

"ನೀವು ಬಿಚ್ತೀರಾ ಅಮ್ಮ?"

ಆಕೆ ಒಳಗೆ ಬಂದು ಕೂವೆಯನ್ನು ಕೈಗೆ ತೆಗೆದುಕೊಂಡರು. ಉಗುರಿನ ತುದಿ ತಾಗಿದ್ದೇ ತಡ, ಗಂಟು ಸಡಿಲಿತು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಬಿಚ್ಚಿದ ಹಗ್ಗವನ್ನು ಹಾಗೇ ಬಿಡುವುದು ಆ ಕೈಗೆ ಗೊತ್ತಿರಲಿಲ್ಲ. ಎರಡು ಬೆರಳಿಗೆ ಸುರುಳಿ ಸುತ್ತಿ, ಅದರ ನಡುವಿಗೆ ಕಟ್ಟು ಹಾಕಿ, ತಟ್ಟೆಯಲ್ಲಿ ಅದರ ದಪ್ಪಕ್ಕೆ ಸರಿಯಾದ ಜಾಗ ನೋಡಿ ಇಟ್ಟರು. ಇಟ್ಟ ಮೇಲೆ ಎಲ್ಲರೂ ತಟ್ಟೆಯನ್ನೇ ನೋಡುತ್ತಿರುವುದು ಆಕೆಗೆ ಕಂಡಿತು.

"ಹೌದು, ನಾನೇ," ಎಂದರು.

"ಬಾಯಿ ಮುಚ್ಚು!" ಡಾಕ್ಟರು ಕೂಗಿದರು. "ಇನ್ಸ್‌ಪೆಕ್ಟರೇ, ಅವಳಿಗೆ ತಲೆ ಸರಿಯಿಲ್ಲ."

"ತಲೆ ಸರಿಯಾಗಿದ್ದಿದ್ರೆ ಇಷ್ಟು ವರ್ಷ ಇಲ್ಲಿರ್ತಿದ್ನಾ ಅಣ್ಣ?"

ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕೊಟ್ಟರು. ಆಕೆ ಕೂರಲಿಲ್ಲ.

"ಯಾಕೆ ಒಡೆದ್ರಿ?"

"ಅತ್ತಿಗೆ ತೀರಿಕೊಂಡಾಗ ನಾಲ್ಕು ದಿನಕ್ಕೆ ಅಂತ ಬಂದೆ. ಆಗ ಅಣ್ಣ ಊಟಾನೇ ಬಿಟ್ಟಿದ್ದ. ಹಡಗು ಮುಗಿಯೋವರೆಗೆ ಇರ್ತೀನಿ, ಹಗ್ಗ ನಾನು ಕಟ್ತೀನಿ ಅಂತ ಮಾತು ಕೊಟ್ಟೆ. ಮುಗಿಯೋಕೇ ಬಿಡಲಿಲ್ಲ ಇವನು. ಕೊನೇ ಹಗ್ಗ ಕಟ್ಟಿ ಹೊರಡ್ತೀನಿ ಅಂದಾಗೆಲ್ಲ ಕತ್ತರಿ ತಗೊಂಡು ಬರ್ತಿದ್ದ. ತಪ್ಪಿದೆ, ಆ ಕಾಲದಲ್ಲಿ ಹೀಗೆ ಕಟ್ತಿರಲಿಲ್ಲ ಅಂತ ಎಲ್ಲ ಕತ್ತರಿಸಿ ಬಿಸಾಕ್ತಿದ್ದ. ಮತ್ತೆ ದಾರ ಹೊಸೀಬೇಕು, ಮತ್ತೆ ಕಟ್ಟಬೇಕು."

"ತಪ್ಪಿರ್ತಿತ್ತಾ?"

"ಒಂದ್ಸಲಾನೂ ಇರಲಿಲ್ಲ."

ಬೇರೆ ಊರಿನಲ್ಲಿ ಆಕೆಯ ಶಾಲಾ ಗೆಳತಿ ತನ್ನ ಪಕ್ಕದ ಮನೆಯನ್ನು ಆಕೆಗಾಗಿ ಹಿಡಿದಿಟ್ಟಿದ್ದರು. ಈ ತಿಂಗಳು ಹೋಗದಿದ್ದರೆ ಅದು ಬೇರೆಯವರ ಪಾಲು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಣ್ಣ ಮತ್ತೆ ಅದೇ ಮಾತು ತೆಗೆದ. ನಾಳೆ ಹಿಂದಿನ ಕೂವೆಯ ಹಗ್ಗ ಕತ್ತರಿಸಬೇಕು ಎಂದ.

"ಅವನ ಕತ್ತರಿ ಬರೋ ಮೊದಲು, ರಾತ್ರಿಯೆಲ್ಲ ಕೂತು ನನ್ನ ಹಗ್ಗ ನಾನು ಬಿಚ್ಚಿಟ್ಟೆ. ಬೆಳಿಗ್ಗೆ ಅವನು ವಾಕಿಂಗ್ ಹೋದಾಗ ಅವನ ಹಲಗೆ ಒಡೆದೆ. ಈಗ ಮುಗೀತಲ್ಲ ಹಡಗು?"

ಇನ್ಸ್‌ಪೆಕ್ಟರ್ ಡಾಕ್ಟರ ಕಡೆ ತಿರುಗಿ, ಗೋಡೆಯ ಮೇಲಿನ ಕೊಡತಿಯತ್ತ ಬೆರಳು ತೋರಿಸಿದರು.

"ಇದು ಜಾಗದಲ್ಲಿ ಕೂತಿದ್ದು ಏಳೂವರೆಗೇ ನೋಡಿದ್ರಿ. ಇದು ಮನೆಯವರ ಕೆಲಸ ಅಂತ ಆಗಲೇ ಗೊತ್ತಾಗಿತ್ತು ನಿಮಗೆ. ಆ ಗ್ಯಾರೇಜಿನವನ ತಲೆಗೆ ಯಾಕೆ ಕಟ್ಟಿದ್ರಿ?"

ಡಾಕ್ಟರು ದನಿ ತಗ್ಗಿಸಿದರು. "ಇವಳ ಹೆಸರು ಹೇಳಿದ್ರೆ ಕರ್ಕೊಂಡು ಹೋಗ್ತಿದ್ರಿ."

"ಸುಮ್ಮನಿರಬಹುದಿತ್ತು."

"ಸುಮ್ಮನಿದ್ರೆ ಮುಗೀತು ಅಂತಾಗ್ತಿತ್ತು. ಕೇಸಿದ್ರೆ ಇವಳೂ ಇಲ್ಲೇ ಇರಬೇಕಾಗುತ್ತೆ, ಸಾಕ್ಷಿಗೆ." ಅವರ ದನಿ ಮತ್ತೆ ಏರಿತು. "ದೂರು ವಾಪಸ್ ತಗೋತೀನಿ. ಹರಿದು ಹಾಕಿ!"

"FIR ಆಗಿದೆ. ಅದೇನು ಹಲ್ಲಾ, ಕಿತ್ತು ಬಿಸಾಡೋಕೆ?" ಎಂದರು ದಫೇದಾರರು. ಬೆಳಿಗ್ಗೆಯಿಂದ ಕಾದಿಟ್ಟಿದ್ದ ಮಾತು ಅದು.

"ವಾಪಸ್ ತಗೋಬೇಡ ಅಣ್ಣ," ತಂಗಿ ಎಂದರು. "ನನ್ನ ಕರ್ಕೊಂಡು ಹೋಗ್ಲಿ."

ಮೆಟ್ಟಿಲ ಕೆಳಗೆ ಆಕೆಯ ಚೀಲ ಸಿದ್ಧವಾಗಿತ್ತು. ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ದಸ್ತಗಿರಿ ಎಂದು ದಾಖಲಾಯಿತು. ಕೊಡತಿ, ಹಲಗೆಯ ಚೂರು ಮತ್ತು ಹಗ್ಗದ ತಟ್ಟೆಯನ್ನು ಜಪ್ತಿ ಮಾಡಿದರು. ಡಾಕ್ಟರು ಗೇಟಿನವರೆಗೆ ಬಂದು, "ರಾತ್ರಿ ಊಟಕ್ಕೆ ಯಾರು ಮಾಡ್ತಾರೆ?" ಎಂದು ಕೇಳಿದರು. ಆಕೆ ಜೀಪು ಹತ್ತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

ಜಾಮೀನು ಸಿಗುವ ಅಪರಾಧ. ಅಣ್ಣನ ಜಾಮೀನು ಬೇಡವೆಂದು ಆಕೆ ಕಡ್ಡಿ ಮುರಿದಂತೆ ಹೇಳಿದರು. ಸಹಿ ಹಾಕಲು ಕೈ ಒರೆಸಿಕೊಂಡು ಬಂದವನು ಗ್ಯಾರೇಜಿನವನು.

"ನಿನಗೂ ಇವರಿಗೂ ಏನು ಸಂಬಂಧ?"

"ಒಂದು ಮಾತೂ ಆಡಿದ್ದಿಲ್ಲ ಸಾರ್. ಆದ್ರೆ ಆ ಹಡಗು ಒಡೆದವರಿಗೆ ನಾನು ಜಾಮೀನು ನಿಲ್ಲದೆ ಇನ್ಯಾರು ನಿಲ್ತಾರೆ?"

ಆಕೆ ಗೆಳತಿಯ ಊರಿನ ವಿಳಾಸ ಬರೆದುಕೊಟ್ಟು, ಕರೆದಾಗ ಕೋರ್ಟಿಗೆ ಬರುವುದಾಗಿ ಹೇಳಿ, ಮೂರೂವರೆಯ ಬಸ್ಸಿಗೆ ಹೋದರು.

ಸಂಜೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆದರು. ಉದ್ದೇಶ ಎಂಬಲ್ಲಿ ಮೊದಲು ಕೌಟುಂಬಿಕ ವೈಮನಸ್ಯ ಎಂದು ಬರೆದು, ಹೊಡೆದು ಹಾಕಿದರು. ಆಪಾದಿತೆ ದ್ವೇಷದಿಂದಲ್ಲ, ಕೊಟ್ಟ ಮಾತಿನಿಂದ ಬಿಡಿಸಿಕೊಳ್ಳಲು ಬೇರೆ ದಾರಿ ಕಾಣದೆ ಈ ಕೃತ್ಯ ಎಸಗಿದ್ದಾರೆ ಎಂದು ಬರೆದರು.

ಅಷ್ಟರಲ್ಲಿ ಡಾಕ್ಟರು ಬಂದರು. ಈ ಸಲ ಅದೇ ಕೊಳಕು ಬೆಂಚಿನ ಮೇಲೆ ಕೂತರು.

"ಯಾವ ಊರಿಗೆ ಹೋದ್ಲು? ನನಗೆ ಹೇಳಲೇ ಇಲ್ಲ."

ಮುದುಕರನ್ನು ನೋಡಿ ಇನ್ಸ್‌ಪೆಕ್ಟರಿಗೆ ಪಾಪ ಎನಿಸಿತು. ವಿಳಾಸ ಮೇಜಿನ ಮೇಲೇ ಇತ್ತು. ಅವರು ಡೈರಿಯನ್ನು ಅದರ ಮೇಲೆ ಸರಿಸಿದರು.

"ನಮಗೂ ಹೇಳಿಲ್ಲ ಡಾಕ್ಟ್ರೇ," ಎಂದರು.